ಪುಣೆಯ ದರ್ಬಾರು, ಮಂಗಳೂರಿನ ಛಾವಣಿ: ತೈಲವರ್ಣಚಿತ್ರವೊಂದರ ಓದು

1

ಕನ್ನಡದಲ್ಲಿ ಸಾಹಿತ್ಯವಿಮರ್ಶೆಗೆ ದೀರ್ಘವಾದ ಪರಂಪರೆಯಿದೆ. ಚಿತ್ರವಿಮರ್ಶೆಯ ಬಗೆಗೆ ಇದೇ ಮಾತನ್ನು ಹೇಳುವಂತಿಲ್ಲ. ಇದರ ಪರಿಣಾಮವು ನಮ್ಮ ಸಂಸ್ಕೃತಿಚರಿತ್ರೆಯ ಬರವಣಿಗೆಯ ಮೇಲೂ ಆಗಿದೆ. ಕರಾವಳಿಯ ಮಿಶನರಿಗಳ ವಿಚಾರವನ್ನೇ ನೋಡಬಹುದು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇವುಗಳನ್ನು ಉಲ್ಲೇಖಿಸದ ಕನ್ನಡ ಸಾಹಿತ್ಯಚರಿತ್ರೆಯಿಲ್ಲ. ಆದರೆ ಆ ನಿಘಂಟು ಹೊರಬಂದ ಐದು ವರ್ಷಗಳಲ್ಲಿ, ಅದೇ ಊರಿನ ಗುಡ್ಡವೊಂದರ ಮೇಲೆ, ಇಟಲಿಯ ಚಿತ್ರಕಾರನೊಬ್ಬ ಒಂದು ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗಳನ್ನು ಚಿತ್ರಗಳಿಂದ ತುಂಬಿಸಲು ತೊಡಗಿದ್ದಕ್ಕೆ ದೊರೆತಿರುವ ಗಮನ ತೀರ ಕಡಿಮೆ. ಅದನ್ನು ಪ್ರವಾಸಿಗಳ ಕೈಪಿಡಿಗೆ ಬಿಟ್ಟುಕೊಟ್ಟು ನಾವು ಸುಮ್ಮನಾಗಿದ್ದೇವೆ. ಮಿಶನರಿಯ ಮಾತು ನಮ್ಮದಾಯಿತು, ಮಿಶನರಿಯ ಚಿತ್ರ ನಮ್ಮದಾಗಲಿಲ್ಲ. ಇದಕ್ಕೆ ಕಾರಣವೇನು? ಚಿತ್ರವೇ ನಮ್ಮದಾಗಲು ಒಪ್ಪಲಿಲ್ಲವೋ, ಅಥವಾ ನಾವು ಅದನ್ನು ಓದಲು ಕಲಿಯಲಿಲ್ಲವೋ?

ಈ ಪ್ರಶ್ನೆಯನ್ನು ಮಂಗಳೂರಿನಿಂದಲೇ ಆರಂಭಿಸುವುದಕ್ಕಿಂತ ಪುಣೆಯಿಂದ ಆರಂಭಿಸುವುದು ಉಪಯುಕ್ತವೆಂದು ನಮಗೆ ತೋರುತ್ತದೆ. ಕ್ಯಾನ್‌ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆಯುವ ಯುರೋಪಿನ ಕ್ರಮವು ದಖ್ಖನಿನ ರಾಜಕಾರಣದೊಳಗೆ ಹೇಗೆ ಪ್ರವೇಶಿಸಿತೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೇಲಾಗಿ, ಪುಣೆಯ ಆ ಚಿತ್ರದ ವಸ್ತುವಿಗೂ ಮಂಗಳೂರಿನ ಛಾವಣಿಯ ಕೆಳಗೆ ಕುಳಿತ ಜನರ ಚರಿತ್ರೆಗೂ ನೇರವಾದ ಸಂಬಂಧವಿದೆ.

2

ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ 1791ರಲ್ಲಿ ಮುಂಬಯಿಗೆ ಬಂದನು. ಪೇಶ್ವೆಯ ಆಸ್ಥಾನದಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್ ಅವನನ್ನು ಪುಣೆಗೆ ಕರೆಸಿಕೊಂಡನು. ಅಲ್ಲಿ ಅವನು ಸವಾಯಿ ಮಾಧವರಾವ್ ಪೇಶ್ವೆ, ನಾನಾ ಫಡ್ನವೀಸ್, ಮಹಾದಜಿ ಶಿಂದೆ ಮೊದಲಾದವರ ಭಾವಚಿತ್ರಗಳನ್ನು ತೈಲವರ್ಣದಲ್ಲಿ ಬರೆದನು. ಶನಿವಾರವಾಡೆಯಲ್ಲಿ ಮ್ಯಾಲೆಟ್ ಮತ್ತು ವೇಲ್ಸರ ಪ್ರಯತ್ನದಿಂದ ಚಿತ್ರಶಾಲೆಯೊಂದು ನಡೆಯಿತು. ಗಂಗಾರಾಮ ತಾಂಬಟ್ ಎಂಬ ಸ್ಥಳೀಯ ಕಲಾವಿದ ಅಲ್ಲಿ ಯುರೋಪಿನ ರೇಖಾಕ್ರಮವನ್ನು ಅಭ್ಯಾಸ ಮಾಡಿದನು. 1795ರ ಅಕ್ಟೋಬರಿನಲ್ಲಿ ಪೇಶ್ವೆಯೂ ನವೆಂಬರಿನಲ್ಲಿ ವೇಲ್ಸನೂ ತೀರಿಕೊಂಡರು. ಆ ಪ್ರಯೋಗ ಅಲ್ಲಿಗೇ ನಿಂತಿತು.

ವೇಲ್ಸನ ರೇಖಾಚಿತ್ರಗಳನ್ನು ಆಧರಿಸಿ ಥಾಮಸ್ ಡೇನಿಯಲ್ ಲಂಡನ್ನಿನಲ್ಲಿ ಬರೆದ ದೊಡ್ಡ ತೈಲಚಿತ್ರವೊಂದು 1805ರಲ್ಲಿ ಅಲ್ಲಿಯ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿತವಾಯಿತು. 1790ರಲ್ಲಿ ಪೇಶ್ವೆಯ ದರ್ಬಾರಿನಲ್ಲಿ ಮ್ಯಾಲೆಟ್ ಒಡಂಬಡಿಕೆಯನ್ನು ಪೂರ್ಣಗೊಳಿಸುತ್ತಿರುವ ದೃಶ್ಯವೇ ಅದರ ವಸ್ತು. ಆ ಒಡಂಬಡಿಕೆ ಟಿಪ್ಪು ಸುಲ್ತಾನನ ವಿರುದ್ಧ ಕಂಪನಿಯೂ ಮರಾಠರೂ ಒಂದಾದ ಒಪ್ಪಂದ. 1790ರಿಂದ 1792ರವರೆಗಿನ ಮೂರನೆಯ ಮೈಸೂರು ಯುದ್ಧ ಅದರ ಬೆನ್ನಿಗೇ ಬಂತು. ಕನ್ನಡನಾಡಿನ ಭವಿಷ್ಯವನ್ನು ನಿರ್ಧರಿಸಿದ ಒಂದು ಗಳಿಗೆ ಹೀಗೆ ಕ್ಯಾನ್‌ವಾಸಿನ ಮೇಲೆ ದಾಖಲಾಗಿದೆ. ಕನ್ನಡಿಗರು ಮಾತ್ರ ಆ ಚಿತ್ರದ ಚೌಕಟ್ಟಿನ ಹೊರಗೆ ಇದ್ದಾರೆ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಸಂಗತಿ ಒಂದಿದೆ. ದರ್ಬಾರು ನಡೆದಾಗ ವೇಲ್ಸ್ ಇನ್ನೂ ಭಾರತಕ್ಕೆ ಬಂದಿರಲಿಲ್ಲ. ಡೇನಿಯಲ್ ಆ ಸಭೆಯಲ್ಲಿ ಇರಲಿಲ್ಲ. ಕಣ್ಣಾರೆ ಕಂಡದ್ದನ್ನು ಬರೆದಂತೆ ತೋರುವ ಈ ಚಿತ್ರ ಕಾಣದ ಇಬ್ಬರ ಕೈಯಿಂದ, ಹದಿನೈದು ವರ್ಷಗಳ ಅನಂತರ, ರೆಸಿಡೆಂಟನ ಕೀರ್ತಿಗಾಗಿ ಸಿದ್ಧವಾಯಿತು. ತೈಲವರ್ಣದ ಶಕ್ತಿಯೂ ಅಪಾಯವೂ ಇದರಲ್ಲೇ ಇವೆ. ಎಣ್ಣೆಬಣ್ಣ ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಬೆಳಕಿನಿಂದ ನೆರಳಿಗೆ ಸರಿಯುವ ಸೂಕ್ಷ್ಮ ಹಂತಗಳನ್ನು ಅದರಲ್ಲಿ ತಿದ್ದಿ ತಿದ್ದಿ ಸಾಧಿಸಬಹುದು. ಬಟ್ಟೆಯ ಮಡಿಕೆ, ಲೋಹದ ಹೊಳಪು, ಚರ್ಮದ ಬಿಸುಪು ಕಣ್ಣಿಗೆ ಎಷ್ಟು ನಿಜವಾಗಿ ತೋರುತ್ತವೆಯೆಂದರೆ, ಘಟನೆಯೂ ಹೀಗೆಯೇ ನಡೆದಿರಬೇಕೆಂದು ನೋಡುಗನು ಒಪ್ಪಿಬಿಡುತ್ತಾನೆ. ವಸ್ತುವಿನ ಸತ್ಯ ಘಟನೆಯ ಸತ್ಯವೆಂಬಂತೆ ಚಲಾವಣೆಯಾಗುತ್ತದೆ.

ಇನ್ನೊಂದು ಅಂಶವನ್ನೂ ಇದಕ್ಕೆ ಸೇರಿಸಬೇಕು. ಕ್ಯಾನ್‌ವಾಸು ಸುರುಳಿ ಸುತ್ತಿ ಒಯ್ಯಬಹುದಾದ ವಸ್ತು. ಶನಿವಾರವಾಡೆ 1828ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ದರ್ಬಾರನ್ನು ತೋರಿಸುವ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಪುಣೆಯ ನೆಲ ಪುಣೆಯಲ್ಲಿ ಉಳಿಯಿತು, ಪುಣೆಯ ನೋಟ ಹೊರಟುಹೋಯಿತು. ಮುಂದೆ ಆ ನಗರವು ತನ್ನ ಚಿತ್ರಗಳನ್ನು ಬೇರೆ ಮಾರ್ಗದಿಂದ ಪಡೆಯಬೇಕಾಯಿತು. 1878ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಮುಂದಾಳುತನದಲ್ಲಿ ಸ್ಥಾಪಿತವಾದ ಚಿತ್ರಶಾಲಾ ಮುದ್ರಣಾಲಯ ದೇವತೆಗಳ ಮತ್ತು ಚರಿತ್ರಪುರುಷರ ಶಿಲಾಮುದ್ರಿತ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸಿತು. ರವಿವರ್ಮನ ಹೆಸರಿನ ಮುದ್ರಣಾಲಯವೂ ಮುಂಬಯಿಯನ್ನು ಬಿಟ್ಟು ಲೋನಾವಳದ ಬಳಿಯ ಮಳವಳಿಗೆ ಬಂದಿತು. ಕನ್ನಡನಾಡಿನ ದೇವರಕೋಣೆಗಳಲ್ಲಿ ನೆಲೆಸಿದ ಲಕ್ಷ್ಮೀ ಸರಸ್ವತಿಯರ ಮುಖಗಳಿಗೆ ಆ ಕಲ್ಲಚ್ಚಿನ ಋಣ ದೊಡ್ಡದು.

3

ಪುಣೆಯ ಒಪ್ಪಂದ ಯಾರ ವಿರುದ್ಧವಾಗಿತ್ತೋ ಆ ಟಿಪ್ಪುವಿನ ಆಳ್ವಿಕೆಯಲ್ಲಿ, 1784ರಲ್ಲಿ, ಕೆನರಾದ ಕೊಂಕಣಿ ಕ್ರೈಸ್ತರು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. ಎರಡನೆಯ ಮೈಸೂರು ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಅವರ ಇಗರ್ಜಿಗಳು ನೆಲಸಮವಾದವು. 1799ರ ಮೇ 4ರಂದು ಟಿಪ್ಪು ಮಡಿದ ಅನಂತರವೇ ಬದುಕಿ ಉಳಿದವರು ಕರಾವಳಿಗೆ ಮರಳಿದರು. ಹತ್ತೊಂಬತ್ತನೆಯ ಶತಮಾನವೆಲ್ಲ ಆ ಸಮುದಾಯಕ್ಕೆ ಪುನರ್ನಿರ್ಮಾಣದ ಕಾಲ. ಅದರ ಕೊನೆಯ ಘಟ್ಟದಲ್ಲಿ, 1878ರಲ್ಲಿ, ಇಟಲಿಯ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಅದರ ಪ್ರಾರ್ಥನಾಲಯ ಎದ್ದುನಿಂತಿತು. ಹೊರನೋಟಕ್ಕೆ ಅದು ಸರಳವಾದ, ಹಂಚು ಹೊದಿಸಿದ ಕಟ್ಟಡ. ಒಳಗೋಡೆಗಳು ಆಗ ಬರಿದಾಗಿದ್ದವು.

ಆ ಗೋಡೆಗಳಿಗಾಗಿ 1899ರಲ್ಲಿ ಮಂಗಳೂರಿಗೆ ಬಂದವನು ಅಂತೋನಿಯೊ ಮೊಸ್ಕೇನಿ. ಅವನು ಹುಟ್ಟಿದ್ದು 1854ರಲ್ಲಿ, ಉತ್ತರ ಇಟಲಿಯ ಬೆರ್ಗಾಮೊ ನಗರದ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ. ಬೆರ್ಗಾಮೊದ ಕರ್ರಾರ ಅಕಾಡೆಮಿಯಲ್ಲಿ ಕಲಿತು, ತನ್ನ ಸೀಮೆಯ ಇಗರ್ಜಿಗಳಲ್ಲಿ ಚಿತ್ರ ಬರೆದು ಹೆಸರು ಗಳಿಸಿದ್ದನು. ವೃತ್ತಿಯಲ್ಲಿ ಯಶಸ್ವಿಯಾಗಿದ್ದಾಗಲೇ, 1889ರಲ್ಲಿ, ಯೇಸುಸಭೆಯನ್ನು ಸೇರಿದನು. ಪಾದ್ರಿಯಾಗಿ ಅಲ್ಲ, 'ಬ್ರದರ್' ಆಗಿ. ಗಳಿಕೆಯೂ ಸ್ವಂತ ಹೆಸರೂ ಇಲ್ಲದ ಜೀವನವನ್ನು ಯಶಸ್ಸಿನ ನಡುವೆ ಆರಿಸಿಕೊಂಡ ಕಲಾವಿದ ಅವನು. ಸುಮಾರು ಎರಡು ವರ್ಷಗಳಲ್ಲಿ ಮಂಗಳೂರಿನ ಕೆಲಸವನ್ನು ಮುಗಿಸಿದನು. ಮುಂಬಯಿಯಲ್ಲೂ ಕೊಚ್ಚಿಯಲ್ಲೂ ಅವನ ಕೆಲಸವಿದೆ. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿಯೇ ತೀರಿಕೊಂಡನು.

ಮಂಗಳೂರಿನ ಕೆಲಸದಲ್ಲಿ ಎರಡು ವಿಧಾನಗಳಿವೆ. ಗೋಡೆಗಳ ಮೇಲಿನದು ಫ್ರೆಸ್ಕೊ, ಅಂದರೆ ಹಸಿಗಾರೆಯ ಭಿತ್ತಿಚಿತ್ರ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನಕ್ಕೆ ಎಷ್ಟು ಮುಗಿಸಬಲ್ಲೆವೋ ಅಷ್ಟೇ ಗಾರೆ ಬಳಿಯಬೇಕು, ತಪ್ಪಿದರೆ ಕಿತ್ತು ಹೊಸದಾಗಿ ಬಳಿಯಬೇಕು. ಛಾವಣಿಯ ಮೇಲಿನವು ಕ್ಯಾನ್‌ವಾಸಿನ ಮೇಲೆ ಬರೆದ ತೈಲವರ್ಣಚಿತ್ರಗಳು. ಅಲ್ಲಿ ತಿದ್ದಲು ಅವಕಾಶವುಂಟು. ಅವಸರದ ಕೈಯನ್ನು ಗೋಡೆ ಕೇಳುತ್ತದೆ, ತಾಳ್ಮೆಯ ಕೈಯನ್ನು ಛಾವಣಿ ಕೇಳುತ್ತದೆ. ಒಬ್ಬನೇ ಕಲಾವಿದ ಇವೆರಡನ್ನೂ ಒಂದೇ ಸೂರಿನ ಕೆಳಗೆ ಹೊಂದಿಸಿರುವುದು ಅವನ ವೃತ್ತಿಸಿದ್ಧಿಯ ಗುರುತು. ಚಪ್ಪಟೆಯಾದ ಮೈಯ ಮೇಲೆ ಕೆತ್ತನೆಯ ಕಂಬ, ಹೂಮಾಲೆಗಳು ಉಬ್ಬಿನಿಂತಂತೆ ತೋರಿಸುವ ಭ್ರಮಾಚಿತ್ರಣದಲ್ಲೂ ಅವನು ನಿಸ್ಸೀಮ.

4

ಛಾವಣಿಯ ಮುಖ್ಯ ವಸ್ತು ಸಂತ ಅಲೋಶಿಯಸ್ ಗೊಂಜಾಗನ ಜೀವನ. ಅವನು 1568ರಲ್ಲಿ ಲೊಂಬಾರ್ದಿಯ ಕಸ್ತಿಲ್ಯೋನೆಯ ಸಂಸ್ಥಾನಿಕನ ಹಿರಿಯ ಮಗನಾಗಿ ಹುಟ್ಟಿದನು. ಬೆರ್ಗಾಮೊದ ಚಿತ್ರಕಾರನಿಗೆ ನೆರೆಯ ಸೀಮೆಯವನೇ. ಬಾಲ್ಯದಲ್ಲಿ ಸೈನ್ಯದ ನಡುವೆ ಬೆಳೆದನು, ಸ್ಪೇನಿನ ಅರಸನ ಆಸ್ಥಾನದಲ್ಲಿ ಸೇವಕಕುಮಾರನಾಗಿದ್ದನು. 1580ರಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊನ ಕೈಯಿಂದ ಮೊದಲ ಪರಮಪ್ರಸಾದ ಪಡೆದನು. 1585ರಲ್ಲಿ ಉತ್ತರಾಧಿಕಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದನು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಜಾಡ್ಯ ಹಬ್ಬಿದಾಗ ರೋಗಿಗಳ ಶುಶ್ರೂಷೆಗೆ ನಿಂತು, ಸೋಂಕು ತಗುಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ದಾರಿಯಲ್ಲಿ ಬಿದ್ದಿದ್ದ ರೋಗಿಯೊಬ್ಬನನ್ನು ಹೊತ್ತು ಆಸ್ಪತ್ರೆಗೆ ಒಯ್ದದ್ದೇ ಅವನ ಸಾವಿಗೆ ಕಾರಣವಾಯಿತೆಂದು ಅವನ ಚರಿತ್ರಕಾರರು ಹೇಳುತ್ತಾರೆ.

ಅರಮನೆಯನ್ನು ತೊರೆದ ರಾಜಕುಮಾರ, ರೋಗದ ದರ್ಶನ, ಅಕಾಲದ ಮರಣ: ಬುದ್ಧನ ಕತೆಯನ್ನೂ ಜಿನಚರಿತೆಗಳನ್ನೂ ಓದಿದ ಕನ್ನಡಿಗನಿಗೆ ಈ ವೈರಾಗ್ಯದ ಪಥ ಅಪರಿಚಿತವಲ್ಲ. ಪಂಪನ ಆದಿಪುರಾಣದ ಓದುಗನಿಗೆ ರಾಜ್ಯತ್ಯಾಗದ ಪ್ರಸಂಗ ಹೊಸದೇನಲ್ಲ. ಆದರೂ ಒಂದು ವ್ಯತ್ಯಾಸವುಂಟು. ಜೈನ ವೈರಾಗ್ಯ ದೇಹದಿಂದ ದೂರ ಸರಿಯುವ ವೈರಾಗ್ಯ. ಅಲೋಶಿಯಸನ ವೈರಾಗ್ಯ ಕೊಳೆಯುತ್ತಿರುವ ಇನ್ನೊಂದು ದೇಹದ ಕಡೆಗೆ ನಡೆಯುವ ವೈರಾಗ್ಯ. ಮೈಯ ಬಣ್ಣ, ಜ್ವರದ ಬಿಳಿಚು, ಬಟ್ಟೆಯ ಭಾರ ಇವುಗಳನ್ನು ತೋರಿಸಬಲ್ಲ ತೈಲವರ್ಣ ಈ ಕತೆಗೆ ಒಪ್ಪುವ ಮಾಧ್ಯಮ.

ಇನ್ನು ಈ ಚಿತ್ರ ಸಿದ್ಧವಾದ ಕಾಲವನ್ನು ನೆನೆಯಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಗೆ ಹಬ್ಬಿತು, 1898ರಲ್ಲಿ ಬೆಂಗಳೂರನ್ನು ತಲುಪಿತು. ಪುಣೆಯಲ್ಲಿ ಸರಕಾರ ಸೈನಿಕರನ್ನು ಮನೆಗಳಿಗೆ ನುಗ್ಗಿಸಿ ರೋಗಿಗಳನ್ನು ಹುಡುಕಿಸಿತು. ಜನರ ಆಕ್ರೋಶ 1897ರ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಹಾರಿಸಿದ ಗುಂಡಾಗಿ ಸಿಡಿಯಿತು. ಅದೇ ವರ್ಷದ ಮಾರ್ಚ್ 10ರಂದು, ಅದೇ ಪುಣೆಯಲ್ಲಿ, ಸಾವಿತ್ರಿಬಾಯಿ ಫುಲೆ ಪ್ಲೇಗಿನಿಂದ ತೀರಿಕೊಂಡಿದ್ದರು. ರೋಗಪೀಡಿತ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ಸಾಗಿಸುವಾಗ ಅವರಿಗೆ ಸೋಂಕು ತಗುಲಿತೆಂದು ಹೇಳುತ್ತಾರೆ.

ಮೊಸ್ಕೇನಿ ಸಾವಿತ್ರಿಬಾಯಿಯ ಸುದ್ದಿ ಕೇಳಿ ಚಿತ್ರ ಬರೆದನೆಂದು ನಾವು ವಾದಿಸುತ್ತಿಲ್ಲ. ಸಂತನ ಚರಿತ್ರೆಯಲ್ಲಿ ಆ ಪ್ರಸಂಗ ಮೊದಲೇ ಇತ್ತು. ಕಾಲೇಜಿನ ಹೆಸರೂ ಮೊದಲೇ ಇತ್ತು. ಆದರೆ ಚಿತ್ರದ ಅರ್ಥ ಚಿತ್ರಕಾರನ ಉದ್ದೇಶದೊಳಗೆ ಮುಗಿಯುವುದಿಲ್ಲ. ಪ್ಲೇಗಿನ ವರ್ಷಗಳಲ್ಲಿ ಆ ಛಾವಣಿಯನ್ನು ತಲೆಯೆತ್ತಿ ನೋಡಿದ ವಿದ್ಯಾರ್ಥಿಗೆ ರೋಮಿನ ಬೀದಿ ಮೂರು ಶತಮಾನಗಳ ಹಿಂದಿನದಾಗಿ ಕಂಡಿರಲಾರದು. ರೋಗಿಯ ಮನೆಗೆ ಹೋಗುವ ಎರಡು ರೀತಿಗಳು ಆಗ ಈ ದೇಶದ ಕಣ್ಣೆದುರಿಗಿದ್ದವು: ಬಂದೂಕು ಹಿಡಿದು ಹೋಗುವುದು, ಹೊತ್ತುಕೊಂಡು ಬರಲು ಹೋಗುವುದು. ಪುಣೆಯ ದರ್ಬಾರಿನ ತೈಲಚಿತ್ರ ಮೊದಲನೆಯ ಬಗೆಯ ಅಧಿಕಾರದ ಪೂರ್ವಪೀಠಿಕೆ. ಮಂಗಳೂರಿನ ತೈಲಚಿತ್ರ, ಅದೇ ಸಾಮ್ರಾಜ್ಯದ ನೆರಳಿನಲ್ಲಿ ನಿಂತೂ, ಎರಡನೆಯದನ್ನು ಎತ್ತಿಹಿಡಿಯುತ್ತದೆ. ಒಂದೇ ಮಾಧ್ಯಮದಿಂದ ಇಷ್ಟು ವಿರುದ್ಧವಾದ ಎರಡು ಕೆಲಸಗಳು ಸಾಧ್ಯವಾದವು ಎಂಬುದು ನಮ್ಮ ಓದಿನ ಮುಖ್ಯ ಅಂಶ.

5

ಹಾಗೆಂದು ಈ ಕೃತಿಯ ಮಿತಿಗಳನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. ಮೂರು ಆಕ್ಷೇಪಗಳನ್ನು ನಾವು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಮೊದಲನೆಯದು ಶೈಲಿಗೆ ಸಂಬಂಧಿಸಿದ್ದು. 1899ರ ಹೊತ್ತಿಗೆ ಯುರೋಪಿನ ಚಿತ್ರಕಲೆ ಬಹಳ ದೂರ ಸಾಗಿತ್ತು. ಸೆಜಾನ್ ತನ್ನ ಪ್ರೌಢಕೃತಿಗಳನ್ನು ಬರೆಯುತ್ತಿದ್ದನು, ವ್ಯಾನ್ ಗೋ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಮೊಸ್ಕೇನಿಯ ಮಾದರಿ ಹಳೆಯ ಅಕಾಡೆಮಿಯದು. ಅವನ ಸಂಯೋಜನೆಯಲ್ಲಿ ಕಲಿತ ಪಾಠ ಹೆಚ್ಚು, ಸಾಹಸ ಕಡಿಮೆ. ಇದು ನಿಜವಾದ ಆಕ್ಷೇಪ. ಆದರೆ ಅವನು ಬರೆದದ್ದು ಸಲೋನಿನ ಗೋಡೆಗಲ್ಲ. ಕತ್ತೆತ್ತಿ ನೋಡುವ ಹುಡುಗರಿಗೆ ದೂರದಿಂದ ಕತೆ ತಿಳಿಯಬೇಕಿತ್ತು. ಸ್ಪಷ್ಟತೆಯೇ ಇಲ್ಲಿ ಔಚಿತ್ಯ.

ಎರಡನೆಯದು ಇನ್ನೂ ತೀಕ್ಷ್ಣವಾದದ್ದು. ರೋಗಿಯನ್ನು ಹೊರುವ ಚಿತ್ರಗಳಲ್ಲಿ ರೋಗಿ ಸಂತನ ಪುಣ್ಯಕ್ಕೆ ನಿಮಿತ್ತ ಮಾತ್ರವಾಗುತ್ತಾನೆ. ಹೆಸರು ಹೊತ್ತವನಿಗೆ, ನೋವು ಹೊರಿಸಿಕೊಂಡವನಿಗೆ. ಸಂತಚರಿತ್ರೆಯ ಚಿತ್ರಗಳಿಗೆಲ್ಲ ಅಂಟಿಕೊಂಡ ದೋಷವಿದು, ಮೊಸ್ಕೇನಿ ಇದರಿಂದ ಪಾರಾಗಿದ್ದಾನೆಂದು ನಮಗೆ ಅನ್ನಿಸುವುದಿಲ್ಲ.

ಮೂರನೆಯ ಆಕ್ಷೇಪ ದೇಸಿಗೆ ಸಂಬಂಧಿಸಿದ್ದು. ಇದನ್ನು ಪರಿಶೀಲಿಸಲು ಇನ್ನೊಂದು ಕೃತಿ ನೆರವಾಗುತ್ತದೆ. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಕ್ರಿಸ್ತನ ಕತೆಯನ್ನು ಅವನು ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಪುರಾಣದ ಚೌಕಟ್ಟಿನಲ್ಲಿ ಹೇಳಿದನು. ಮಂಗಳೂರಿನ ಕ್ರೈಸ್ತರು ಅದರ ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಓದುತ್ತ ಬಂದರು. 1907ರಲ್ಲಿ ಜೋಸೆಫ್ ಸಲ್ಡಾನ್ಹ ಅದರ ಆಧುನಿಕ ಆವೃತ್ತಿಯನ್ನು ಮಂಗಳೂರಿನಲ್ಲೇ ಪ್ರಕಟಿಸಿದರು. 1956ರಲ್ಲಿ ಪುಣೆಯಲ್ಲಿ ಅದರ ದೇವನಾಗರಿ ಆವೃತ್ತಿ ಹೊರಬಂದಿತು. ಹೀಗೆ ಪುಣೆ ಮತ್ತು ಮಂಗಳೂರುಗಳು ಒಡಂಬಡಿಕೆಯ ಚಿತ್ರದಲ್ಲಿ ಕೂಡದಿದ್ದರೂ ಒಂದು ಕಾವ್ಯದಲ್ಲಿ ಕೂಡಿದವು.

ಮಾತಿನಲ್ಲಿ ಸ್ಟೀಫನ್ಸ್ ಮಾಡಿದ್ದನ್ನು ಬಣ್ಣದಲ್ಲಿ ಮೊಸ್ಕೇನಿ ಮಾಡಲಿಲ್ಲ. ಕಾವ್ಯ ದೇಸಿಯ ಲಯವನ್ನು ಒಪ್ಪಿಕೊಂಡಿತು. ಚಿತ್ರ ಲೊಂಬಾರ್ದಿಯ ಉಡುಪನ್ನೇ ತೊಟ್ಟು ನಿಂತಿತು. ಇದರ ಕಾರಣವನ್ನು ಚಿತ್ರಕಾರನ ಅಹಂಕಾರದಲ್ಲಿ ಹುಡುಕುವುದು ಸರಿಯಾಗಲಾರದು. ಹದಿನೇಳನೆಯ ಶತಮಾನದ ಮಿಶನರಿ ಸ್ಥಳೀಯ ಪುರಾಣದೊಡನೆ ಸ್ಪರ್ಧಿಸಬೇಕಾಗಿತ್ತು, ಆದ್ದರಿಂದ ಅದರಿಂದ ಕಲಿಯಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನ ಮಾದರಿಯೇ ವಿದ್ಯೆಯ ಮಾದರಿಯೆಂದು ಈ ದೇಶದ ವಿದ್ಯಾವಂತರೂ ನಂಬಿದ್ದರು. ರವಿವರ್ಮನ ದಮಯಂತಿಯೂ ಅದೇ ಎಣ್ಣೆಬಣ್ಣದಲ್ಲಿ, ಅದೇ ನೆರಳುಬೆಳಕಿನಲ್ಲಿ ಹುಟ್ಟಿದವಳು. ಅವನೀಂದ್ರನಾಥ ಠಾಕೂರರು ಆ ಮಾರ್ಗವನ್ನು ಬಿಟ್ಟು ಸ್ವದೇಶೀ ಶೈಲಿಯನ್ನು ಹುಡುಕುವ ಮುನ್ನ ಚಿತ್ರಕಲೆಯ ಪಾಠ ಹೇಳಿಸಿಕೊಂಡವರಲ್ಲಿ ಒಬ್ಬನು ಗಿಲಾರ್ದಿ ಎಂಬ ಇಟಲಿಯವನು. ಅವರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರ ಜಲವರ್ಣದ ಸಂಯಮ ತೈಲವರ್ಣದ ಈ ವೈಭವಕ್ಕೆ ಕೊಟ್ಟ ಉತ್ತರವೆಂದು ಓದಿದಾಗ, ಮೊಸ್ಕೇನಿ ಕನ್ನಡನಾಡಿನ ಕಲಾಚರಿತ್ರೆಯ ಹೊರಗಿನವನಾಗಿ ಉಳಿಯುವುದಿಲ್ಲ. ಉತ್ತರವನ್ನು ಸೇರಿಸಿಕೊಂಡು ಪ್ರಶ್ನೆಯನ್ನು ಬಿಟ್ಟ ಚರಿತ್ರೆ ಅಪೂರ್ಣವಾದದ್ದು.

6

ಹಾಗಾದರೆ ಈ ಚಿತ್ರ ಯಾರದು? ಬರೆದವನ ಊರನ್ನು ನೋಡಿದರೆ ಇಟಲಿಯದು, ಬರೆಯಿಸಿದವರನ್ನು ನೋಡಿದರೆ ಒಂದು ಧರ್ಮಸಂಘದ್ದು. ನೋಡಿದವರನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಬದಲಾಗುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳನ್ನಾಡುವ, ಎಲ್ಲ ಮತಗಳ ಕುಟುಂಬಗಳ ಮಕ್ಕಳು ಓದಿದ ಕಾಲೇಜದು. ಯುರೋಪಿಗೆ ಹೋಗದೆಯೇ ಯುರೋಪಿನ ಚಿತ್ರಭಾಷೆಯನ್ನು ಪೂರ್ಣಪ್ರಮಾಣದಲ್ಲಿ ಕಾಣುವ ಅವಕಾಶ ಕರಾವಳಿಯ ಹಲವು ತಲೆಮಾರುಗಳಿಗೆ ದೊರೆತದ್ದು ಇಲ್ಲಿ. ಪುಣೆಯ ದರ್ಬಾರಿನ ಚಿತ್ರ ಪುಣೆಯವರ ಕಣ್ಣಿಗೆ ಬೀಳದೆ ದೂರವಾಯಿತು. ಮಂಗಳೂರಿನ ಚಿತ್ರ ಬರೆದ ಜಾಗದಲ್ಲೇ, ಯಾರಿಗಾಗಿ ಬರೆಯಲಾಯಿತೋ ಅವರ ತಲೆಯ ಮೇಲೆಯೇ ಉಳಿದಿದೆ. ಕಲಾಕೃತಿಯ ಒಡೆತನವನ್ನು ನಿರ್ಣಯಿಸುವಾಗ ಈ ಉಳಿವನ್ನು ಮುಖ್ಯ ಪ್ರಮಾಣವಾಗಿ ಸ್ವೀಕರಿಸಬೇಕೆಂಬುದು ನಮ್ಮ ನಿಲುವು.

ಉಳಿವು ತಾನಾಗಿ ಬಂದುದಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಹಂಚಿನ ಮಾಡಿನ ಅಡಿಯಲ್ಲಿ, ಕ್ಯಾನ್‌ವಾಸು ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಅದರೊಡನೆ ಹಿಗ್ಗಿ ಕುಗ್ಗಲಾರದೆ ಬಿರಿಯುತ್ತದೆ. ಶಿಲೀಂಧ್ರ ಬೆಳೆಯುತ್ತದೆ. ಸುಣ್ಣದ ಗೋಡೆಯಲ್ಲಿ ನೀರು ಇಳಿದರೆ ಲವಣ ಮೇಲೆದ್ದು ಬಣ್ಣವನ್ನು ಉದುರಿಸುತ್ತದೆ. 1991ರಿಂದ 1994ರವರೆಗೆ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಈ ಚಿತ್ರಗಳನ್ನು ಸಂರಕ್ಷಿಸುವ ಕಾರ್ಯವನ್ನು ನಡೆಸಿದರು. ಆ ಕಾರ್ಯ ಚಿತ್ರದ ಮೈಯನ್ನು ಉಳಿಸಿತು. ಅದರ ಅರ್ಥವನ್ನು ಉಳಿಸುವ ಹೊಣೆ ವಿದ್ವತ್ತಿನದು.

ಈ ದಿಸೆಯಲ್ಲಿ ಆಗಬೇಕಾದ ಕೆಲಸ ಬಹಳವಿದೆ. ಛಾವಣಿಯ ಪ್ರತಿಯೊಂದು ಫಲಕದ ವಿವರಣಾತ್ಮಕ ಸೂಚಿ ಕನ್ನಡದಲ್ಲಿ ಸಿದ್ಧವಾಗಬೇಕು. ಚಿತ್ರವಿಮರ್ಶೆಗೆ ಬೇಕಾದ ಪರಿಭಾಷೆಯನ್ನು ನಿಘಂಟಿನಿಂದ ಆರಿಸುವುದಕ್ಕೆ ಬದಲು ಗಾರೆಯವರ, ಬಣ್ಣದವರ, ಶಿಲ್ಪಿಗಳ ಬಾಯಿಂದ ಸಂಗ್ರಹಿಸಬೇಕು. ಮುಂಬಯಿ, ಮಂಗಳೂರು, ಕೊಚ್ಚಿಗಳಲ್ಲಿರುವ ಮೊಸ್ಕೇನಿಯ ಕೃತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ಕಿಟೆಲ್ ಕನ್ನಡದ ಪದಗಳನ್ನು ಕೂಡಿಹಾಕಿದ ಊರಿನಲ್ಲಿ ಈ ಛಾವಣಿಯ ಬಗೆಗೆ ಬರೆಯಲು ನಮಗೆ ಪದಗಳು ಸಾಲದೆ ಹೋಗುವುದು ಸಂಕೋಚದ ಸಂಗತಿ. ಆ ಕೊರತೆಯನ್ನು ನೀಗುವ ಕೆಲಸ ಕನ್ನಡ ಸಂಶೋಧನೆಯ ಪಾಲಿಗೆ ಬಂದಿದೆ, ಅದನ್ನು ಮುಂದೂಡಲು ತಕ್ಕ ಕಾರಣ ಯಾವುದೂ ನಮಗೆ ಕಾಣುವುದಿಲ್ಲ.